ಬೀಗ ಹಾಕಿದ ಬೀದಿ

ಪುರಸಭೆಯ ಬಿಲ್ ಕಲೆಕ್ಟರನಿಗೆ ಜನರನ್ನು ಕಾಡುವ ಕಲೆಯೊಂದು ಬಿಟ್ಟು ಉಳಿದೆಲ್ಲ ಬರುತ್ತಿತ್ತು. ಕರ ಕೇಳಿದರೆ ಮನೆಯವರು ಕರ ಮುಗಿಯುತ್ತಿದ್ದರು, ಅವನು ಕರಗುತ್ತಿದ್ದ. 'ಬಾಕಿ' ಎಂದು ಬರೆದರೆ ನೋಟೀಸು, ಆಮೇಲೆ ಜಪ್ತಿ. ಅದಕ್ಕೇ ಪುಸ್ತಕದಲ್ಲಿ ಆ ಮನೆಯ ಮುಂದೆ 'ಬೀಗ ಹಾಕಿದೆ, ವಾಸವಿಲ್ಲ' ಎಂದು ಗೀಚಿ ಮುಂದಿನ ಮೆಟ್ಟಿಲು ಹತ್ತುತ್ತಿದ್ದ. ಹದಿನೆಂಟು ವರ್ಷ ಹೀಗೆ ಬೀಗ ಬರೆದು ಬರೆದೇ ಊರಿಗೆಲ್ಲ ಬೀಗನಾಗಿದ್ದ.

ಕೆಳಬೀದಿಯಲ್ಲಿದ್ದ ಅವನ ಅಕ್ಕನ ಮನೆಗೂ ಅದೇ ಬೀಗ. ಕೊಡಬಲ್ಲವರು ಕೆಲವು ವರ್ಷ ಕೊಟ್ಟರು. ಆಮೇಲೆ, "ಪಕ್ಕದವರು ಕಟ್ಟಲ್ಲ, ನಾನೇನು ಬೆಪ್ಪನಾ?" ಎಂದು ಅವರೂ ನಿಲ್ಲಿಸಿದರು. ಪುಸ್ತಕದಲ್ಲಿ ಇಡೀ ಬೀದಿ ಖಾಲಿಯಾಯಿತು.

ಮೊದಲು ಬೀದಿದೀಪಗಳು ಆರಿದವು. ಕಸದ ಗಾಡಿ ವಾರಕ್ಕೊಮ್ಮೆಯಾಗಿ, ತಿಂಗಳಿಗೊಮ್ಮೆಯಾಯಿತು. ಪುರಸಭೆ ನೌಕರರ ಸಂಬಳವೂ ನಿಂತಿತು. ಈ ವಾರ ನೀರಿನ ಎರಡು ಪಂಪುಗಳಲ್ಲಿ ಒಂದು ಸುಟ್ಟುಹೋಯಿತು. ರಿಪೇರಿಗೆ ಪುರಸಭೆಯಲ್ಲಿ ಬಿಡಿಗಾಸೂ ಇರಲಿಲ್ಲ.

ಹೊಸದಾಗಿ ಬಂದಿದ್ದ ಅಧಿಕಾರಿ ಮೇಡಂ ಅವನನ್ನು ಕರೆಸಿದರು. ಮೇಜಿನ ಮೇಲೆ ಅವನದೇ ಪುಸ್ತಕ. ಬಾಗಿಲಲ್ಲಿ ನೀರು ಬಿಡುವ ನೀರುಗಂಟಿ, ಕೈಯಲ್ಲಿ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ.

"ಉಳಿದಿರೋ ಪಂಪಲ್ಲಿ ಜನ ಇರೋ ಕಡೆಗಾದ್ರೂ ನೀರು ಕೊಡೋಣ. ಕೆಳಬೀದಿ ವಾಲ್ವ್ ಇವತ್ತೇ ಮುಚ್ಚಿಸ್ತೀನಿ. ಇಲ್ಲೊಂದು ಸೈನ್ ಹಾಕಿ."

"ಮೇಡಂ, ಅಲ್ಲಿ... ಜನ ಇದ್ದಾರೆ."

"ಎಷ್ಟು ಮನೇಲಿ?"

"ನಲವತ್ತಾರು."

ನೀರುಗಂಟಿ ಕಿಸಕ್ಕೆಂದ. "ನಿಮ್ಮಕ್ಕಾನೇ ನಿನ್ನೆ ಇನ್ನರ್ಧ ಗಂಟೆ ಬಿಡಪ್ಪಾ ಅಂತ ಗೋಗರೆದ್ರಲ್ಲಣ್ಣಾ!"

ಮೇಡಂ ನಗಲಿಲ್ಲ. "ಹಾಗಾದ್ರೆ ತಿದ್ದಿ. ಪ್ರತಿ ಮನೆ ಮುಂದೆ 'ವಾಸವಿದೆ' ಅಂತ ಬರೆದು ಸೈನ್ ಮಾಡಿ. ನೀರು ನಿಲ್ಲಲ್ಲ. ಆದ್ರೆ ಇಷ್ಟು ವರ್ಷದ ಬಾಕಿಗೆ ಬಡ್ಡಿ ಸೇರಿಸಿ ನಾಳೇನೇ ನೋಟೀಸು. ಕಟ್ಟದಿದ್ರೆ ಜಪ್ತಿ. ನಿಮ್ಮ ಕೆಲಸದ ಮಾತು ಆಮೇಲೆ."

"ಅಷ್ಟು ಒಟ್ಟಿಗೆ ಅವರ ಕೈಲಾಗಲ್ಲ ಮೇಡಂ. ವರ್ಷ ವರ್ಷ ಕೇಳಿದ್ರೆ ಹೇಗೋ ಕೊಡ್ತಿದ್ರು."

"ಕೇಳಬೇಕಾದವರು ಯಾರು?"

ಅಕ್ಕನಿಗಿದ್ದ ಆಸ್ತಿಯೆಂದರೆ ಆ ಎರಡು ಕೋಣೆಯ ಮನೆ. ನೀರಿಲ್ಲದ ಮನೆಯಲ್ಲಿ ಇರಲಾಗದು. ಮನೆಯೇ ಇಲ್ಲದವಳಿಗೆ ನಲ್ಲಿ ಎಲ್ಲಿಯದು? ನೀರುಗಂಟಿ ಕೀಲಿಯನ್ನು ಹೆಗಲಿಗೇರಿಸಿ ಹೊರಡಲು ತಿರುಗಿದ.

"ತಡಿಯಪ್ಪಾ," ಎಂದು ಕಲೆಕ್ಟರ್ ಪೆನ್ನು ತೆಗೆದ. ಮೊದಲ ಸಾಲು ಅಕ್ಕನದೇ, ಮೊದಲ ಸಾಲವೂ. 'ವಾಸವಿದೆ' ಎಂದು ಬರೆದ.

ಮೇಡಂ ಬಗ್ಗಿ ಮನೆ ನಂಬರು ಓದಿಕೊಂಡು, ಗುಮಾಸ್ತನಿಗೆ ಕೂಗಿ ಹೇಳಿದರು: "ನೋಟೀಸು ಟೈಪ್ ಮಾಡೋಕೆ ಶುರುಮಾಡಿ."