ನೀರಿಳಿಸಿದ ಮಾತ್ರೆ

ಕರೆಂಟು ಹೋಗಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಾಗ ಒಳಗೆ ದೊಡ್ಡ ಸಾಹೇಬರಿದ್ದರು, ಇಬ್ಬರು ಟೈಪಿಸ್ಟ್ ಹುಡುಗಿಯರಿದ್ದರು, ಸ್ಟೂಲಿನ ಮೇಲೆ ಲಿಫ್ಟಿನವನಿದ್ದ. ಕರೆಂಟು ಬರುವಷ್ಟರಲ್ಲಿ ಅವನ ಪ್ಯಾಂಟು ಒದ್ದೆಯಾಗಿತ್ತು. ಸಾಹೇಬರು ಸಜ್ಜನರು, ಏನೂ ಕಾಣದವರಂತೆ ಗೋಡೆ ನೋಡುತ್ತ ನಿಂತರು. ಅದೇ ಹೆಚ್ಚು ಚುಚ್ಚಿತು.

"ಮೇಲಕ್ಕಾ, ಕೆಳಕ್ಕಾ?" ಎಂದು ವರ್ಷಗಟ್ಟಲೆ ಕೇಳಿ ಕೇಳಿ ಅವನಿಗೆ ಮೇಲಪ್ಪ ಎಂಬ ಹೆಸರು ಅಂಟಿತ್ತು. ಜೀವಮಾನವಿಡೀ ಗುಂಡಿ ಒತ್ತಿದವನಿಗೆ ಅರವತ್ತು ದಾಟಿದ ಮೇಲೆ ಗುಂಡಿಗೆಗೇ ಒತ್ತಡ. ಮೈಯಲ್ಲಿ ಹೆಚ್ಚಾದ ಉಪ್ಪುನೀರನ್ನು ಹೊರಹಾಕಿ ಬಿ.ಪಿ. ತಗ್ಗಿಸಲೆಂದು ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದಿದ್ದರು. ನೀರಿಳಿಸುವ ಮಾತ್ರೆ ಎಂದಿದ್ದರು. ನಾಲ್ಕು ಜನರೆದುರು ನೀರಿಳಿಸುತ್ತದೆ ಎಂದಿರಲಿಲ್ಲ.

ಮರುದಿನ ಲೆಕ್ಕಪತ್ರದ ಗುಮಾಸ್ತ ಲಿಫ್ಟಿನ ಬಾಗಿಲಲ್ಲೇ ನಿಂತ. "ಏನ್ ಮೇಲಪ್ಪಾ, ಒಳಗೆ ಮಳೆ ಇದೆಯಾ? ಕೊಡೆ ತರ್ಲಾ?"

"ತನ್ನಿ ಸಾರ್. ಮೆಟ್ಟಿಲು ಹತ್ತೋವಾಗ ಊರಿಕೊಳ್ಳೋಕಾಗತ್ತೆ," ಎಂದು ಮೇಲಪ್ಪ ಅವನ ಮುಖದೆದುರೇ ಬಾಗಿಲೆಳೆದ. ಒಳಗಿದ್ದವರು ನಕ್ಕರು. ಅವನು ಅವರತ್ತ ತಿರುಗದೆ ಗುಂಡಿ ಒತ್ತಿದ.

ಅಂದಿನಿಂದ, ಹೆಂಡತಿ ಊಟದ ಜೊತೆ ಕಟ್ಟಿಕೊಡುತ್ತಿದ್ದ ಮಾತ್ರೆಯನ್ನು ಅವನು ಲಿಫ್ಟಿಗೂ ನೆಲಕ್ಕೂ ನಡುವಿನ ಸಂದಿಗೆ ಹಾಕತೊಡಗಿದ. ಮಾತ್ರೆ ಕೆಳಕ್ಕೆ, ಬಿ.ಪಿ. ಮೇಲಕ್ಕೆ. ಸಂಜೆಯವರೆಗೆ ಒಂದು ಗುಟುಕು ನೀರೂ ಮುಟ್ಟುತ್ತಿರಲಿಲ್ಲ.

"ಮಾತ್ರೆ ತಗೊಂಡ್ರಾ?"

"ಇಳೀತು ಕಣೇ."

ಸುಳ್ಳೇನಲ್ಲ.

ಸೆಕೆ ಹೆಚ್ಚಿದ್ದ ಒಂದು ಮಧ್ಯಾಹ್ನ "ಮೇಲಕ್ಕಾ" ಎನ್ನಲು ಬಾಯಿ ತೆರೆದ. ಬಾಯಿ ಒಂದೇ ಕಡೆಗೆ ಹೋಯಿತು. ಗುಂಡಿಯ ಮೇಲಿದ್ದ ಬಲಗೈ ಯಾರದೋ ಸಾಮಾನಿನಂತೆ ತೊಡೆಯ ಮೇಲೆ ಬಿತ್ತು. ಕೊಡೆಯ ಮಾತಾಡಿದ್ದ ಗುಮಾಸ್ತನೇ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

"ವಯಸ್ಸಾದ ಮೇಲೆ ರಕ್ತನಾಳ ಗಡುಸಾಗಿರತ್ತಮ್ಮ," ಎಂದರು ಡಾಕ್ಟರಮ್ಮ, ಹೆಂಡತಿಗೆ. "ನೀರು ಕುಡೀದಿದ್ರೆ ರಕ್ತ ಮಂದ ಆಗತ್ತೆ, ಸರಾಗವಾಗಿ ಹರಿಯಲ್ಲ. ಜೊತೆಗೆ ಬಿ.ಪಿ. ಬೇರೆ ಈ ಮಟ್ಟಕ್ಕೆ ಏರಿದೆ. ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದೆ. ಮಾತು ಒಂದಿಷ್ಟು ಬರಬಹುದು. ಕೈ ಅನುಮಾನ. ಮಾತ್ರೆ ತಗೋತಿದ್ರಾ?"

"ದಿನಾ ನನ್ನ ಕೈಯಾರೆ ಕೊಡ್ತಿದ್ದೆ," ಎಂದಳು ಅವಳು.

ಮೇಲಪ್ಪ ಕಣ್ಣು ಮುಚ್ಚಿಕೊಂಡ.

ಕಚೇರಿಯವರು ಬದಲಿ ಆಳನ್ನು ಹುಡುಕಲಿಲ್ಲ. ಲಿಫ್ಟಿನೊಳಗೆ "ನೀವೇ ಒತ್ತಿಕೊಳ್ಳಿ" ಎಂದು ಒಂದು ಚೀಟಿ ಅಂಟಿಸಿದರು. ಕೆಲಸ ಸುಸೂತ್ರವಾಗಿ ನಡೆಯಿತು.

ನಾಲಿಗೆ ಅಷ್ಟಿಷ್ಟು ತಿರುಗತೊಡಗಿದಾಗ ಅವನು ಹೆಂಡತಿಗೆ ಎಲ್ಲ ಹೇಳಿದ, ಸಂದಿಯ ವಿಷಯವನ್ನೂ. ಅವಳು ಅವನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಿದಳು.

"ನನ್ಹತ್ರ ಒಂದು ಮಾತು ಹೇಳಬಾರದಿತ್ತಾ? ಕೈ ಹೋಯ್ತಲ್ರೀ... ಜೀವಕ್ಕಿಂತ ಮಾನ ಹೆಚ್ಚಾಯ್ತಾ ನಿಮಗೆ?"

ಅವನು ಬಹಳ ಹೊತ್ತು ತುಟಿಯೊಡನೆ ಗುದ್ದಾಡಿದ.

"ಮಾನ ಗೀನ ಅಲ್ವೇ," ಎಂದ ಕೊನೆಗೆ. "ಲಿಫ್ಟ್ ಒರೆಸೋನೂ ನಾನೇ."