ಸದ್ದಿನ ಕಡೆಗೆ ನಡೆದ ಐಗಳು

ನಮ್ಮ ನರಸಪ್ಪ ಐಗಳಷ್ಟು ಪುಕ್ಕಲು ಮನುಷ್ಯ ನಾಗಮಂಗಲದಲ್ಲಿ ಇನ್ನೊಬ್ಬರಿರಲಿಲ್ಲ. ಹಿತ್ತಿಲಲ್ಲಿ ತೆಂಗಿನ ಗರಿ ಬಿದ್ದರೆ ಸಾಕು, ಹೆಗಲ ಮೇಲಿನ ವಸ್ತ್ರ ಜಾರುತ್ತಿತ್ತು, ತುಟಿ ಬಿಳಿಚುತ್ತಿತ್ತು. ಆದರೆ ಮರುಗಳಿಗೆಯಲ್ಲೇ ವಸ್ತ್ರ ಎತ್ತಿ ಕೊಡವಿ, ಸದ್ದು ಬಂದ ಕಡೆಗೇ ಹೊರಟುಬಿಡುವರು. ಅಂಥ ಧೈರ್ಯವನ್ನು ಕತ್ತಿ ಹಿಡಿದವರಲ್ಲೂ ನಾನು ಕಂಡಿಲ್ಲ.

ಅವರದು ಗುಡಿಯ ಹಿಂದಿನ ಪಡಸಾಲೆಯಲ್ಲಿ ನಡೆಯುವ ಕೂಲಿಮಠ. ಚಿಕ್ಕವರು ಮರಳ ಮೇಲೆ ಅಕ್ಷರ ತಿದ್ದಿದರೆ, ಮೀಸೆ ಚಿಗುರುತ್ತಿದ್ದ ನಮಗೆ ಲೆಕ್ಕ, ಓಲೆ ಓದುವುದು. ಶ್ರೀರಂಗಪಟ್ಟಣದ ಕೋಟೆಗೆ ಮೊದಲ ಸಲ ಮುತ್ತಿಗೆ ಬಿದ್ದ ವರ್ಷ ದಂಡು ನಮ್ಮೂರ ಮೇಲೂ ಬಂತು. ರಾಗಿ ತುಂಬುವ ನೆಲದಡಿಯ ಹಗೇವುಗಳಿಗೆ ಇಳಿದು ಅವಿತುಕೊಂಡೆವು. ತಲೆಯ ಮೇಲೆ ನೆಲವೇ ಧಡ್ ಧಡ್ ಎನ್ನುತ್ತಿತ್ತು. ದಂಡು ಹೋಯಿತು, ಮಠ ಮತ್ತೆ ಶುರುವಾಯಿತು, ನಾವು ಮಾತ್ರ ಮೊದಲಿನವರಾಗಿರಲಿಲ್ಲ. ಬಾಯಿಗೆ ಬಂದ ಮಗ್ಗಿ ಅರ್ಧಕ್ಕೇ ನಿಂತುಹೋಗುತ್ತಿತ್ತು. ಎಲ್ಲೋ ಒನಕೆ ಬಿದ್ದರೆ ಪಡಸಾಲೆ ಖಾಲಿ.

ಬೇರೆ ಐಗಳಾಗಿದ್ದರೆ ಬೆತ್ತ ಎತ್ತುತ್ತಿದ್ದರೇನೋ. ಇವರು ನಮಗಿಂತ ಮೊದಲೇ ಬೆಚ್ಚಿಬಿದ್ದು, ಸುಧಾರಿಸಿಕೊಂಡು, "ನಂಗೂ ಎದೆ ನಗಾರಿ ಆಗೈತೆ ಕಣ್ರಲಾ. ಏಳಿ, ಏನದು ಅಂತ ನೋಡ್ಕೊಂಡೇ ಬರಾನ" ಎನ್ನುವರು. ಹಿಂಡು ಕಟ್ಟಿಕೊಂಡು ಹೋದರೆ ಅಗಸರ ಕಲ್ಲೋ, ಗಾಣವೋ ಇರುತ್ತಿತ್ತು. ಒಂದು ಸಲ ಅದು ಪಟೇಲರ ಜಗಲಿಯಲ್ಲಿ ಮಲಗಿದ್ದ ಮುದುಕನ ಗೊರಕೆ. ಅವನು ಕಣ್ಣು ಬಿಟ್ಟು, ಸುತ್ತ ನಿಂತ ನಮ್ಮನ್ನು ನೋಡಿ, ನಾನಿನ್ನೂ ಸತ್ತಿಲ್ಲ, ತಿಥಿ ಊಟಕ್ಕೆ ಈಗ್ಲೇ ಬಂದ್ಬುಟ್ರಾ ಎಂದು ಕೇಳಿದ್ದ.

ನನ್ನ ಪಾಡು ಬೇರೆ. ನಾನು ಕಮ್ಮಾರನ ಮಗ. ಬೆಳಗಿನಿಂದ ಬೈಗಿನವರೆಗೆ ನಮ್ಮ ಮನೆಯ ಸದ್ದೇ ಅದು. ಅಪ್ಪ ಸುತ್ತಿಗೆ ಎತ್ತಿದರೆ ನಾನು ಮತ್ತೆ ಹಗೇವಿನೊಳಗೇ ಇರುತ್ತಿದ್ದೆ. ಕುಲುಮೆಗೆ ಕಾಲಿಡದವನನ್ನು ಇಟ್ಟುಕೊಂಡು ಮಾಡುವುದೇನೆಂದು ಅಪ್ಪ ನನ್ನನ್ನು ದೇವಲಾಪುರದ ಮಾವನ ಮನೆಗೆ ದನ ಕಾಯಲು ಅಟ್ಟುವವನಿದ್ದ. ಹೋದರೆ ಮನೆಯೂ ಹೋಯಿತು, ಕಸುಬೂ ಹೋಯಿತು, ಮಠವೂ ಹೋಯಿತು.

ಐಗಳಿಗೆ ಹೇಳಿಕೊಂಡೆ. ಮರುದಿನ ಇಡೀ ಮಠವನ್ನೇ ಕರೆದುಕೊಂಡು ಕುಲುಮೆಗೆ ಬಂದರು. ನಾನು ಬಾಗಿಲಲ್ಲೇ ನಿಂತೆ. ಅಪ್ಪನ ಮೊದಲ ಪೆಟ್ಟಿಗೆ ಐಗಳು ಗೋಡೆಗೆ ಒರಗಿಬಿಟ್ಟರು. ಆಮೇಲೆ ಕೈ ಚಾಚಿ ಸುತ್ತಿಗೆ ಕೇಳಿದರು. ಕಾಲ ಮೇಲೆ ಹಾಕಿಕೊಂಡೀರಿ, ಬುಡಿ ಸ್ವಾಮಿ ಎಂದು ಅಪ್ಪ ನಕ್ಕ. ಅವರು ಕೇಳಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ಹೊಡೆದರು. ಪೆಟ್ಟು ಕಬ್ಬಿಣ ತಪ್ಪಿ ಬರಿಯ ಅಡೆಗಲ್ಲಿಗೆ ಬಿತ್ತು. ಮತ್ತೆ ಹೊಡೆದರು. ಬೆವೆತ ಮುಖ ನನ್ನತ್ತ ತಿರುಗಿತು.

"ಬಾರ್ಲಾ ಇಲ್ಲಿ. ಬ್ಯಾರೇರು ಒಡುದ್ರೆ ಎದೆಗೆ ಬೀಳ್ತದೆ. ನಾವೇ ಒಡುದ್ರೆ ತೋಳಿಗೆ ಬೀಳ್ತದೆ ಕಣ್ಲಾ, ಅಷ್ಟೇಯ."

ಹೋದೆ. ನನ್ನ ಕೈಯ ಮೇಲೆ ಅವರ ಕೈ. ಹೊಡೆದೆವು. ಸಂಜೆಯ ಹೊತ್ತಿಗೆ ನಾನೊಬ್ಬನೇ ಹೊಡೆಯುತ್ತಿದ್ದೆ, ಅಪ್ಪ ಇಕ್ಕಳ ಹಿಡಿದಿದ್ದ. ದೇವಲಾಪುರದ ಮಾತು ಮತ್ತೆ ಬರಲಿಲ್ಲ.

ಕೆಲವು ವರ್ಷದ ಮೇಲೆ ಶ್ರೀರಂಗಪಟ್ಟಣದ ಕೋಟೆ ಬಿತ್ತು. ಅಲ್ಲಿಂದ ಓಡಿಬಂದವರ ಗಾಡಿಗಳು ನಮ್ಮೂರ ದಾರಿಯಲ್ಲಿ ಸಾಲುಗಟ್ಟಿದ್ದವು. ಆ ಜನಕ್ಕೆ ಎದುರಾಗಿ, ಬುತ್ತಿ ಕಟ್ಟಿಕೊಂಡು ಒಬ್ಬರೇ ಹೊರಟಿದ್ದವರು ಐಗಳು. ನಾನು ಕುಲುಮೆಯಿಂದ ಓಡಿಹೋಗಿ ಅಡ್ಡ ನಿಂತೆ. ಅಲ್ಲಿನ್ನೂ ಕೊಳ್ಳೆ ನಡೆದಿದೆಯಂತೆ, ಹೋಗಬೇಡಿ ಎಂದು ಬೇಡಿಕೊಂಡೆ.

"ಅಲ್ಲೂ ಮಕ್ಳವೆ ಕಣಪ್ಪ" ಎಂದರು. "ಈಗ ಅವು ಯಾವ್ಯಾವುದುಕ್ಕೆ ಬೆಚ್ತಾ ಕುಂತವೋ. ನಾನು ಬರಗಂಟ ನಮ್ಮವನ್ನ ನೀನು ನೋಡ್ಕೊ."

ಅವರು ಬರಲಿಲ್ಲ. ಹೊತ್ತು ಇಳಿಯುವವರೆಗೆ ಕುಲುಮೆ, ಆಮೇಲೆ ಪಡಸಾಲೆ, ನಾನಿನ್ನೂ ನೋಡಿಕೊಳ್ಳುತ್ತಿದ್ದೇನೆ.