ಓದುವ ಮೊದಲು ತೆಗೆದಿಟ್ಟ ಬೆಲ್ಲದನ್ನ

ಸಂಜೆ ಆರು ಗಂಟೆ. ನಾಳೆಯ ಅಡುಗೆಗೆ ಅಕ್ಕಿ ಆರಿಸುವುದರಲ್ಲೇ ದಿನ ಕಳೆಯಿತು. ಪಾರ್ವತಿನಗರದ ಈ ಮನೆಗೆ ಪಕ್ಕದವರ ಲೋಬಾನದ ಹೊಗೆ ಬಂದಾಗ ನಮ್ಮೂರು ಕರೂರಿನ ಗುರುವಾರಗಳು ನೆನಪಾದವು.

ಅಜ್ಜಿ ತೀರಿದ ಮೇಲೆ ಅಪ್ಪ ಪ್ರತಿ ಗುರುವಾರ ಬೆಲ್ಲದನ್ನದ ಮುಂದೆ ಲೋಬಾನ ಹಾಕಿ, ಪುಣ್ಯ ಅವಳಿಗೆ ಮುಟ್ಟಲೆಂದು ಅವಳ ಹೆಸರಿನಲ್ಲಿ ಕುರಾನಿನ ಫಾತಿಹಾ ಓದಿ ಓಣಿಗೆಲ್ಲ ಹಂಚುತ್ತಿದ್ದ. ಅನ್ನದ ಮುಂದೆ ಓದುವುದು ಧರ್ಮದಲ್ಲಿಲ್ಲ ಎಂದು ಚಿಕ್ಕಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಅದಕ್ಕೇ ಅಮ್ಮ ಓದುವ ಮೊದಲೇ ಒಂದು ಬಟ್ಟಲು ತೆಗೆದಿಟ್ಟು, ಅಡುಗೆಮನೆಯಲ್ಲಿ ಅವನಿಗೆ ಕೊಡುತ್ತಿದ್ದಳು. ಒಂದು ದಿನ ಅಪ್ಪ ನೋಡಿಬಿಟ್ಟ.

“ಅವ್ವಗ ಮುಟ್ಟೋಕಿಂತ ಮೊದಲ ನಿನ್ನ ಹೊಟ್ಟಿಗೆ ಮುಟ್ತೇನಲೇ, ಮೌಲ್ವಿ?”

“ನಾನೂ ಅವ್ವಗ ದಿನಾ ದುವಾ ಬೇಡ್ತೀನಣ್ಣಾ. ಅಕಿ ಹೆಸರಿಲೆ ಹಸಿದವ್ರಿಗೆ ಸುಮ್ನ ಕೊಡ್ತೀನಿ. ಅಲ್ಲಾ ನೋಡ್ತಾನ.”

“ಓದದ ಕೊಟ್ಟಿದ್ದು ಅಕಿಗೆ ಹೆಂಗ ಮುಟ್ಟತೈತಿ?”

ಚಿಕ್ಕಪ್ಪ ಬಟ್ಟಲು ಕೆಳಗಿಟ್ಟ. ಕುರುಗೋಡಿನಲ್ಲಿ ಮನೆ ಮಾಡಿಕೊಂಡು ಹೋದವನು ಮತ್ತೆ ನಮ್ಮಲ್ಲಿ ಉಣ್ಣಲಿಲ್ಲ. ಇಬ್ಬರೂ ಕೊಡುತ್ತಿದ್ದದ್ದು ಒಬ್ಬಳೇ ತಾಯಿಯ ಹೆಸರಿನಲ್ಲಿ. ಅಣ್ಣತಮ್ಮ ಜೊತೆಗೆ ಕೂತು ಉಣ್ಣುವುದು ಮಾತ್ರ ಅಪ್ಪ ಹೋಗುವವರೆಗೂ ಆಗಲಿಲ್ಲ.

ನಾಳೆ ಅಪ್ಪ ತೀರಿದ ನಲವತ್ತನೇ ದಿನ. ಈ ಅಕ್ಕಿ ಒಯ್ದು ಕರೂರಿನಲ್ಲಿ ನಾವು ಫಾತಿಹಾ ಓದಿಸುತ್ತೇವೆ, ಕುರುಗೋಡಿನಲ್ಲಿ ಚಿಕ್ಕಪ್ಪ ಅಪ್ಪನ ಹೆಸರಿನಲ್ಲಿ ಅಕ್ಕಿ ಹಂಚುತ್ತಾನೆ.